ತಗ್ಗಿನಲ್ಲಿ ಮಲಗಿದ್ದ ತತ್ತಿಗಳು

ಮೊನ್ನೆ ಚಿಕ್ಕೋಡಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕದ ಖಾಲಿ ಜಾಗದಿಂದ ಆ ವಾಸನೆ ಬಂತು. ನಿಂತ ಮಳೆನೀರು ಇಂಗಿ, ತಳದ ಎರೆಮಣ್ಣು ಬಿಸಿಲಿಗೆ ಬಿರಿಯುವಾಗ ಏಳುವ, ಅರ್ಧ ಕೆಸರು ಅರ್ಧ ಮೀನಿನಂಥ ವಾಸನೆ. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಎದೆತುಂಬ ಎಳೆದುಕೊಂಡು ನಿಂತೆ, ಬಸ್ಸು ಬಂದು ಹೋಯಿತು. ನನ್ನ ಪಾಲಿಗೆ ಅದು ಕಾಶವ್ವತ್ತೆಯ ವಾಸನೆ. ಹೀಗೆ ಬರೆದದ್ದು ಅವಳಿಗೆ ಗೊತ್ತಾಗಿದ್ದರೆ ಕಿವಿ ಹಿಂಡದೆ ಬಿಡುತ್ತಿರಲಿಲ್ಲ. ನಿಮಗೂ ಇಂಥ ಒಂದು ವಾಸನೆ ಇದ್ದೀತು, ಯಾರ ಮುಂದೆಯೂ ಹೇಳಲಾಗದ್ದು.

ಸದಲಗಾ ಕಡೆಯ ನಮ್ಮ ಹೊಲದಲ್ಲಿ, ಮನೆಯ ಅಂಗಳಕ್ಕೆ ಹತ್ತಿಕೊಂಡು, ಒಂದು ತಗ್ಗಿತ್ತು. ಈಗ ಆ ಮನೆಯೂ ಇಲ್ಲ, ತಗ್ಗೂ ಇಲ್ಲ. ಪಾಲಾದ ಮೇಲೆ ಎಲ್ಲ ಸಮ ಮಾಡಿ ಕಬ್ಬು ಹಾಕಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತಿತ್ತು, ಉಳಿದಂತೆ ಬರೀ ಒಣಮಣ್ಣು. ಕಬ್ಬಿನ ಸೀಮೆಯಲ್ಲಿ ಗೇಣು ನೆಲವನ್ನೂ ಯಾರೂ ಬಿಡುವುದಿಲ್ಲ, ಆದರೂ ನಮ್ಮ ಮನೆಯ ನೇಗಿಲು ಆ ತಗ್ಗನ್ನು ಬಳಸಿಕೊಂಡು ಹೋಗುತ್ತಿತ್ತು. ಅದು ಅಪ್ಪನ ಅಕ್ಕ ಕಾಶವ್ವನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಮಕ್ಕಳಾಗಲಿಲ್ಲವೆಂದು ರಾಯಬಾಗ ಕಡೆಯ ಗಂಡನ ಮನೆಯವರು ಅವಳನ್ನು ತವರಿಗೆ ತಂದು ಬಿಟ್ಟ ವರ್ಷ ಅವಳು ಆ ನೀರಿನಲ್ಲಿ ಹುಳಗಳನ್ನು ಕಂಡಳಂತೆ. ಉಗುರುದ್ದದ, ನೀರಿನಷ್ಟೇ ತಿಳಿಯಾದ, ಸಿಗಡಿಯ ಜಾತಿಯವು. ಹೊಟ್ಟೆ ಮೇಲೆ ಮಾಡಿ, ಗರಿಯಂಥ ಕಾಲು ಬಡಿಯುತ್ತ ಅಂಗಾತ ಈಜುವವು. ಅಂದಿನಿಂದ ಮಳೆ ಬಿದ್ದ ಕೂಡಲೇ ಅತ್ತೆ ಕೋಳಿಗಳನ್ನೆಲ್ಲ ಹಿಡಿದು ಬುಟ್ಟಿಯಡಿ ಮುಚ್ಚುತ್ತಿದ್ದಳು, ನಮ್ಮನ್ನು ದಂಡೆಯ ಮೇಲೆ ಕೂರಿಸಿ ವಾಟಿಯಲ್ಲಿ ನೀರು ಮೊಗೆದು ತೋರಿಸುತ್ತಿದ್ದಳು, ಮತ್ತೆ ಮೆಲ್ಲಗೆ ಸುರಿಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಬೇಕಿತ್ತು. ಮನೆಯ ಬೇರೆ ಯಾವ ಹಬ್ಬಕ್ಕೂ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದ ಒಂದು ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದಳು. ಬೆಳಗಾವಿಯ ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅವಳು ಊಟ ಕೇಳಲಿಲ್ಲ, ಯಾರನ್ನೂ ಕರೆಸಿ ಎನ್ನಲಿಲ್ಲ.

"ತಮ್ಮಾ, ಈ ಸರತಿ ಹುಳಾ ನೋಡೇ ಹೊಕ್ಕೀನಿ," ಎಂದು ಅಪ್ಪನಿಗೆ ಹೇಳಿದಳು ಅಷ್ಟೆ.

ಮಳೆ ಇನ್ನೂ ದೂರವಿತ್ತು. ಅಪ್ಪ ಪ್ರೀತಿಯನ್ನು ಬಾಯಲ್ಲಿ ಆಡುವವನಲ್ಲ. ಮರುದಿನ ಬೋರಿನ ಪೈಪನ್ನು ಕಬ್ಬಿನಿಂದ ಕಿತ್ತು ತಗ್ಗಿಗೆ ತಿರುಗಿಸಿದ. ಕರೆಂಟು ಇದ್ದಾಗಲೆಲ್ಲ ಬಿಟ್ಟ, ನೀರು ಇಳಿದರೆ ಮತ್ತೆ ತುಂಬಿದ. ಕಬ್ಬು ಬಾಡಿದರೂ ತಗ್ಗು ಬಾಡಬಾರದು ಎಂಬ ಹಟ ಅವನಿಗೆ. ಹುಳ ಮಾತ್ರ ಏಳಲಿಲ್ಲ. ಅವನಿಗೆ ತಿಳಿಯದಿದ್ದದ್ದನ್ನು ನಾನು ಮುಂದೆ ಕಾಲೇಜಿನಲ್ಲಿ ಓದಿದೆ: ಹುಳಗಳು ಸಾಯುವ ಮೊದಲು ಮಣ್ಣಿನಲ್ಲಿ ಬಿಟ್ಟ ತತ್ತಿಗಳಿಗೆ ಬರೀ ನೀರು ಸಾಲದು. ನಮ್ಮ ಬೋರಿನ ನೀರು ಸವಳು, ಅದೂ ಬೇಸಿಗೆಯ ಕಾವಿನಲ್ಲಿ ಬಿಸಿ. ಅವಕ್ಕೆ ಒಣನೆಲದ ಮೇಲೆ ತಣ್ಣಗೆ ಬಿದ್ದ ಮಳೆಯ ಸಿಹಿನೀರೇ ಆಗಬೇಕು. ಒಣಗಿ ಮಲಗುವುದೂ ಅವುಗಳ ಬದುಕಿನ ಪಾಲು. ಎಲ್ಲವೂ ಒಂದೇ ಮಳೆಗೆ ಒಡೆಯುವುದಿಲ್ಲ, ಕೆಲವು ವರ್ಷಗಟ್ಟಲೆ ಕಾಯುತ್ತವೆ. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ, ಅಪ್ಪನಿಗೆ ಎಂದೂ ಹೇಳಲಿಲ್ಲ.

ಅತ್ತೆ ಮಳೆಯವರೆಗೂ ಜೀವ ಹಿಡಿದಳು. ಮಳೆ ಚೆನ್ನಾಗಿಯೇ ಬಂತು, ಆದರೆ ಬಿದ್ದದ್ದು ಆಗಲೇ ತುಂಬಿ ನಿಂತಿದ್ದ ಸವಳು ನೀರಿನ ಮೇಲೆ. ಕೆಲವು ದಿನ ಬಿಟ್ಟು ಅಪ್ಪ, ಅವ್ವ ಸೇರಿ ಅವಳನ್ನು ಹೊರಸಿನ ಸಮೇತ ದಂಡೆಗೆ ಹೊತ್ತುಕೊಂಡು ಹೋದರು. ಅಪ್ಪ ವಾಟಿ ಮುಳುಗಿಸಿ ಎತ್ತಿದ, ಸುರಿದ, ಮತ್ತೆ ಎತ್ತಿದ. ಬರೀ ಹಸಿರು ಪಾಚಿ. ಅವನು ಇನ್ನೊಮ್ಮೆ ಮುಳುಗಿಸಲು ಬಗ್ಗಿದಾಗ ಅತ್ತೆ ತಡೆದಳು.

"ಇರ್ಲಿ ಬಿಡೋ ತಮ್ಮಾ. ಮುಂದಿನ ವರ್ಷ ಬರತಾವ."

ಆ ವಾರವೇ ಅವಳು ಹೋದಳು. ಅಪ್ಪ ಮತ್ತೆ ಆ ಕಡೆ ಪೈಪು ತಿರುಗಿಸಲಿಲ್ಲ, ತಗ್ಗಿನತ್ತ ನೋಡಲೂ ಇಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಅದು ತನ್ನಷ್ಟಕ್ಕೆ ಒಣಗಿ ಬಿರಿಯಿತು.

ಮುಂದಿನ ವರ್ಷದ ಮಳೆ ಬಿದ್ದು ಕೆಲವು ದಿನಗಳಾಗಿದ್ದವು. ಬೆಳಿಗ್ಗೆ ಮೇವು ತರಲು ಹೊರಟ ಅಪ್ಪ ದಂಡೆಯಲ್ಲಿ ತಟ್ಟನೆ ನಿಂತು ಬಗ್ಗಿ ನೋಡಿದ. ಆಮೇಲೆ ಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ.

"ಅಕ್ಕಾ, ಬಂದಾವ. ಲಗೂನ ಬಾ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ನಾನು ಬಾಗಿಲಿಗೆ ಬಂದೆ. ಯಾರನ್ನು ಕರೆದೆನೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಅಪ್ಪ ಅಲ್ಲೇ, ಆ ನೀರಿನ ಪಕ್ಕ ಕುಕ್ಕರಿಸಿ ಕೂತು, ನಾವೆಲ್ಲ ನೋಡುತ್ತಿದ್ದಂತೆ ಅತ್ತ.