ಆಷಾಢದಲ್ಲಿ ಆಳೆತ್ತರದ ಸೊಪ್ಪು

ನನಗೆ ನೀರೆಂದರೆ ಭಯ. ರಾಮನಗರದ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಹೇಳಿಕೊಟ್ಟವನು ಈ ಮಾತನ್ನು ಒಪ್ಪಿಕೊಳ್ಳಲು ನಿವೃತ್ತಿಯವರೆಗೆ ಕಾಯಬೇಕಾಯಿತು. ಭೂಮಿಯ ಮುಕ್ಕಾಲು ಪಾಲು ನೀರು ಎಂದು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತಿದ್ದೆನಾದರೂ ನನ್ನ ಸ್ವಂತ ವ್ಯವಹಾರವನ್ನೆಲ್ಲ ಉಳಿದ ಕಾಲು ಪಾಲಿನಲ್ಲೇ ಮುಗಿಸಿಕೊಂಡಿದ್ದೆ. ಸ್ನಾನದ ವಿಷಯದಲ್ಲೂ ಚೊಂಬಿಗಿಂತ ದೊಡ್ಡ ಪಾತ್ರೆಯನ್ನು ನಂಬಿದವನಲ್ಲ.

ಅಂಥ ನಾನು ಒಂದು ಆಷಾಢದ ಬೆಳಿಗ್ಗೆ ಹೆಂಡತಿಯೊಡನೆ ಹರಿಗೋಲು ಹತ್ತಿದೆ. ಜಯಮ್ಮನ ಕಣ್ಣಿನ ನರ ಒಣಗುತ್ತ ಬಂದಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಕಾಣುತ್ತಿತ್ತು. ಅದೂ ದೀಪಾವಳಿಯ ತನಕ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಏನೇನು ನೋಡಬೇಕು ಎಂದು ಅವಳನ್ನು ಕೇಳಿದೆ. ತಿರುಪತಿ ಎನ್ನುತ್ತಾಳೆ, ತಪ್ಪಿದರೆ ಧರ್ಮಸ್ಥಳ ಎನ್ನುತ್ತಾಳೆ ಎಂದು ಬಸ್ಸಿನ ವೇಳೆಯನ್ನೂ ವಿಚಾರಿಸಿಟ್ಟಿದ್ದೆ.

"ನಮ್ಮಪ್ಪನ ಸೊಪ್ಪಿನ ತೋಟ ನೋಡ್ಬೇಕು" ಅಂದಳು. "ರಸ್ತೆ ಕಡೆಯಿಂದ ಬ್ಯಾಡ. ಕೆರೆ ಮ್ಯಾಲಿಂದ. ತೆಪ್ಪದಾಗೆ ಕೂತ್ಕಂಡು, ನಿಧಾನಕ್ಕೆ."

ಅವಳ ತವರು ಚನ್ನಪಟ್ಟಣದಾಚೆ ಒಂದು ದೊಡ್ಡ ಕೆರೆಯ ದಂಡೆಯಲ್ಲಿದೆ. ಹೆಸರು ಹೇಳುವುದಿಲ್ಲ, ಅಲ್ಲಿಯವರು ಅದನ್ನು ಪಟ್ಟಣವೆಂದು ಕರೆದುಕೊಳ್ಳುತ್ತಾರೆ, ನಾನು ಊರು ಎಂದು ಬರೆದರೆ ಮುನಿಸಿಕೊಂಡಾರು. ಹುಡುಗಿಯಾಗಿದ್ದಾಗ ಜಯಮ್ಮ ಆಚೆ ದಡದ ಶಾಲೆಗೆ ಹರಿಗೋಲಿನಲ್ಲಿ ಹೋಗಿ ಬರುತ್ತಿದ್ದಳಂತೆ. ಮರಳುವಾಗ ಮೊದಲು ಕಾಣುತ್ತಿದ್ದದ್ದು ನೀರಿನ ಅಂಚಿಗೇ ಇದ್ದ, ರೇಷ್ಮೆಹುಳಕ್ಕೆ ಸೊಪ್ಪು ಬೆಳೆಯುವ ಅಪ್ಪನ ಹಿಪ್ಪುನೇರಳೆ ತೋಟ. ಅದು ಕಂಡ ಮೇಲೆ ಹಸಿವಾಗುತ್ತಿತ್ತಂತೆ.

ಅಪ್ಪ ತೀರಿಕೊಂಡ ಮೇಲೆ ಅವಳ ಅಣ್ಣ ತೋಟ ಮಾರಿ ಮೈಸೂರು ಸೇರಿದ್ದರು. ಮಾರಿದ್ದು ಅವಳಿಗೂ ಗೊತ್ತಿತ್ತು. ಅಲ್ಲಿ ಈಗ ತಗಡಿನ ಷೆಡ್ಡು ಎದ್ದಿದೆ ಎಂಬುದು ನನಗೆ ಮಾತ್ರ ಗೊತ್ತು ಎಂದು ನಾನು ತಿಳಿದಿದ್ದೆ. ಆ ವರ್ಷಗಳಲ್ಲಿ ಬೆಂಗಳೂರಿನಿಂದ ನಮ್ಮ ಕಡೆಗೆ ಕಾರ್ಖಾನೆಯ ಷೆಡ್ಡುಗಳು ಹೊರಟಿದ್ದವು. ಬಿಡದಿಯಲ್ಲಿ ಒಂದಷ್ಟು ಇಳಿದುಕೊಂಡವು; ಮಿಕ್ಕವು ಮದುವೆಯೂಟಕ್ಕೆ ಬಂದ ದೂರದ ನೆಂಟರಂತೆ, ಹಾಸಿದ ಎಲೆ ಕಂಡಲ್ಲೆಲ್ಲ ಕೂತುಬಿಟ್ಟವು. ಹಾಸಿದ ಎಲೆಯೆಂದರೆ ನಮ್ಮಲ್ಲಿ ಹಿಪ್ಪುನೇರಳೆಯೇ.

ಹರಿಗೋಲಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಭೂಗೋಳಕ್ಕೆ ದ್ರೋಹ ಮಾಡಿದಂತೆ. ಬಿದಿರಿನ ಈ ದುಂಡು ಬುಟ್ಟಿಗೆ ಹಿಂದುಮುಂದು ಎಂಬುದಿಲ್ಲ. ಹಡಗಿಗೆ ಮೂತಿಯಿದೆ, ಬಸ್ಸಿಗೆ ಬೋರ್ಡಿದೆ; ಹರಿಗೋಲಿಗೆ ಅಂಥ ಅಹಂಕಾರವಿಲ್ಲ. ಎತ್ತ ತಿರುಗಿಸಿದರೆ ಅದೇ ಮುಂದು. ದಾಂಪತ್ಯಕ್ಕೆ ಇದಕ್ಕಿಂತ ಯೋಗ್ಯವಾದ ವಾಹನವಿಲ್ಲ ಎಂದು ನಾನು ಜಯಮ್ಮನಿಗೆ ಗಂಭೀರವಾಗಿ ಉಪದೇಶಿಸಿದೆ. ಎರಡು ಕೈಯಲ್ಲೂ ಬುಟ್ಟಿಯ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿ ಮಾಡಿದ ಉಪದೇಶವದು.

ಹುಟ್ಟು ಹಾಕುತ್ತಿದ್ದವನು ತಿಮ್ಮಯ್ಯ, ನಮ್ಮಷ್ಟೇ ವಯಸ್ಸಿನ ಮೀನುಗಾರ. "ಮೇಷ್ಟ್ರೆ, ಅಂಗೆ ಹಿಡ್ಕಬ್ಯಾಡಿ. ತೆಪ್ಪಕ್ಕೆ ನೋವಾಯ್ತದೆ" ಅಂದ. ಜಯಮ್ಮ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ದಡ ಹತ್ತಿರವಾಗುತ್ತ ಷೆಡ್ಡು ಕಂಡಿತು. ಬಿಸಿಲಿಗೆ ಅದರ ತಗಡು ಕಣ್ಣು ಕೋರೈಸುತ್ತಿತ್ತು. ಅದರಿಂದ ಒಂದು ಕೂಗಳತೆಯ ದೂರದಲ್ಲಿ ಜೊಂಡುಹುಲ್ಲು ಹಸಿರಾಗಿ ಬೆಳೆದಿತ್ತು. ನಾನು ತಿಮ್ಮಯ್ಯನಿಗೆ ಕೈಸನ್ನೆ ಮಾಡಿದೆ. ಆತ ಒಂದು ಕ್ಷಣ ನನ್ನ ಮುಖ ನೋಡಿದ, ಜಯಮ್ಮನ ಕಣ್ಣು ನೋಡಿದ, ಒಂದು ಹುಟ್ಟು ಒತ್ತಿ ಹಾಕಿದ. ಹಿಂದುಮುಂದಿಲ್ಲದ ಬುಟ್ಟಿ ಹಿತವಾಗಿ ತಿರುಗಿತು. ಷೆಡ್ಡು ಅವಳ ಬೆನ್ನಿಗೆ ಹೋಯಿತು, ಜೊಂಡು ಎದುರಿಗೆ ಬಂತು.

"ಅಗೋ, ತೋಟ" ಎಂದೆ.

"ಹಸರು ಕಾಣ್ತದೆ" ಅಂದಳು. "ಒಸಿ ಬುಡಿಸಿ ಯೋಳಿ."

ನಕ್ಷೆಯಲ್ಲಿ ತಗ್ಗು ಬಯಲಿಗೆಲ್ಲ ಹಸಿರು ಬಳಿಯುವುದು ಭೂಗೋಳದವರ ಸಂಪ್ರದಾಯ. ಅಲ್ಲಿ ನಿಜಕ್ಕೂ ಹಸಿರಿದೆಯೋ ಇಲ್ಲವೋ ಯಾರೂ ಹೋಗಿ ನೋಡುವುದಿಲ್ಲ. ಆ ಅನುಭವವನ್ನೆಲ್ಲ ನಾನು ಅಂದು ಧಾರೆಯೆರೆದೆ. ಆಳೆತ್ತರದ ಸೊಪ್ಪು, ಗಾಳಿಗೆ ಬಳುಕುತ್ತಿದೆ ಎಂದೆ. ಹೆಂಗಸರು ಸೆರಗು ಕಟ್ಟಿ ಎಲೆ ಬಿಡಿಸುತ್ತಿದ್ದಾರೆ ಎಂದೆ. ತಿಮ್ಮಯ್ಯನಿಗೂ ಹುರುಪು ಬಂತು. "ಊಂ ಕಣವ್ವ, ಒಂದೊಂದೆಲೆ ಅಂಗೈ ಅಗಲ! ಈ ಸಲ ಹುಳಕ್ಕೆ ಹಬ್ಬವೇ ಹಬ್ಬ" ಅಂದ. ಜಯಮ್ಮ ಜೊಂಡಿನ ಕಡೆ ಮುಖವಿಟ್ಟು ಕೂತಿದ್ದಳು. ಕಣ್ಣು ತುಂಬಿತ್ತು. ನನ್ನ ಪಾಠ ಇಷ್ಟು ಪರಿಣಾಮಕಾರಿಯಾದದ್ದು ಮೂವತ್ತೊಂದು ವರ್ಷದಲ್ಲಿ ಇದೇ ಮೊದಲೆಂದು ಒಳಗೊಳಗೇ ಬೀಗಿದೆ.

ಊರಿನ ಸೋಪಾನಕಟ್ಟೆಯ ಬಳಿ ಇಳಿದೆವು. ಹೋಟೆಲಿನಲ್ಲಿ ಇಡ್ಲಿ ತಿಂದೆವು. ಗುರುತಿನವರು ಯಾರೂ ಉಳಿದಿರಲಿಲ್ಲ. ಹಳೆಯ ಮನೆಯಿದ್ದ ಬೀದಿಗೆ ಹೋಗೋಣವೇ ಎಂದರೆ ಬೇಡವೆಂದಳು. ಕಲ್ಲಿನ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟಳು. ನಾನು ಅವಳಿಗಿಂತ ಮೂರು ಮೆಟ್ಟಿಲು ಮೇಲೆ ಕೂತೆ. ಮೋಡ ಕವಿಯತೊಡಗಿದ ಮೇಲೆ ಹೊರಟೆವು.

ಹರಿಗೋಲು ದಡ ಬಿಟ್ಟು ಸ್ವಲ್ಪ ದೂರ ಬಂದಿತ್ತು. ಅವಳು ಮೆಲ್ಲಗೆ ಕೇಳಿದಳು: "ಮೇಷ್ಟ್ರೆ, ಇದು ಯಾವ ಮಾಸ?"

ಹೆಂಡತಿ ಮೇಷ್ಟ್ರೆ ಎಂದು ಕರೆದಾಗ ಗಂಡನಾದವನು ಎಚ್ಚರವಾಗಬೇಕು. ನಾನು ಆಗಲಿಲ್ಲ. "ಆಷಾಢ" ಎಂದೆ.

"ಆಷಾಢದಾಗೆ ನಮ್ಮ ಕಡೆ ಸೊಪ್ಪಿನ ಗಿಡವ ಬುಡಕ್ಕೆ ಕುಯ್ದಾಕ್ತಾರೆ. ಗೇಣುದ್ದ ಮೋಟು ಇರ್ತವೆ ಅಷ್ಟೇಯ. ನಿಮ್ಮ ತೋಟದಾಗೆ ಆಳೆತ್ತರ ಎಲ್ಲಿಂದ ಬಂತು?"

ತಿಮ್ಮಯ್ಯನ ಹುಟ್ಟು ನಿಂತಿತು.

ಓದುಗರೇ, ಈ ತಪ್ಪನ್ನು ಅಳಿಯನೊಬ್ಬನು ಮಾತ್ರ ಮಾಡಬಲ್ಲ. ಆಷಾಢದಲ್ಲಿ ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯಕೂಡದು; ಹೊಸ ಅಳಿಯನಿಗೆಂದು ಇರುವ ಈ ನೇಮವನ್ನು ನಾನು ಹಳಬನಾದ ಮೇಲೂ ಬಿಡಲಿಲ್ಲ. ದೀಪಾವಳಿಗೆ ಹೋಗಿದ್ದೇನೆ, ಸಂಕ್ರಾಂತಿಗೆ ಹೋಗಿದ್ದೇನೆ, ಕರೆಯದಿದ್ದಾಗಲೂ ಹೋಗಿದ್ದೇನೆ. ನಾನು ಹೋದಾಗಲೆಲ್ಲ ತೋಟ ಮೈತುಂಬಿಕೊಂಡೇ ಇರುತ್ತಿತ್ತು. ಮೂವತ್ತೈದು ವರ್ಷದ ಅಳಿಯತನದಲ್ಲಿ ನಾನು ಆ ತೋಟವನ್ನು ಬೋಳಾಗಿ ಕಂಡವನೇ ಅಲ್ಲ.

"ಷೆಡ್ಡು ಬಂದೈತೆ ಅಂತ ಅಣ್ಣ ಆಗಲೇ ಯೋಳಿದ್ರು" ಅಂದಳು.

"ಗೊತ್ತಿದ್ದೂ ಸುಮ್ಮನಿದ್ದೆಯಲ್ಲ?"

"ನೀವು ಅಷ್ಟು ಕಷ್ಟಬಿದ್ದು ಯೋಳ್ತಿದ್ರಿ." ಮತ್ತೆ ಅಂದಳು: "ಷೆಡ್ಡಾದ್ರೆ ಷೆಡ್ಡು. ಅಪ್ಪನ ಜಾಗ ಅಲ್ವ್ರಾ ಅದು? ಅದನ್ನೇ ನೋಡ್ಕತಿದ್ದೆ. ಇದ್ದಿದ್ದೇ ಒಸಿ ಕಣ್ಣು. ಅದರಾಗೆ ನಂಗೆ ಜೊಂಡು ತೋರ್ಸಿದ್ರಿ."

ಬೈದಿದ್ದರೆ ಸಹಿಸಬಹುದಿತ್ತು. ಅವಳು ಬೈಯಲಿಲ್ಲ.

ತಿಮ್ಮಯ್ಯ ಯಾರನ್ನೂ ಕೇಳದೆ ಬುಟ್ಟಿ ತಿರುಗಿಸಿದ. ಷೆಡ್ಡಿನ ತೀರಾ ಹತ್ತಿರಕ್ಕೆ, ಕೆಸರು ತಗಲುವಷ್ಟು ಹತ್ತಿರಕ್ಕೆ ಒಯ್ದ. "ನೋಡವ್ವ, ಇಲ್ಲೇ ಐತೆ, ನೆಟ್ಟಗೆ ಎದುರುಗಡೆ" ಅಂದ. ದನಿ ಸಣ್ಣದಾಗಿತ್ತು. ಆದರೆ ಬಿಸಿಲು ಹೋಗಿತ್ತು. ತಗಡು, ಮೋಡ, ಕೆರೆ ಮೂರೂ ಒಂದೇ ಬೂದಿ ಬಣ್ಣ. ಅವಳು ಮುಂದಕ್ಕೆ ಬಾಗಿ, ಹಣೆಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ಹುಡುಕಿದಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ನೀರಿನ ಭಯ ಆಗ ನೆನಪಿಗೆ ಬರಲಿಲ್ಲ.

"ಹೋಗ್ಲಿ ಬುಡಣ್ಣ, ನಡಿ" ಅಂದಳು.

ಮತ್ತೆ ಬರೋಣವೆಂದು ನಾನೇನೋ ಹೇಳಿದೆ. ವಾರಗಟ್ಟಲೆ ಮಳೆ ಹಿಡಿಯಿತು. ಬಿಡುವ ಹೊತ್ತಿಗೆ, ಡಾಕ್ಟರು ಕೊಟ್ಟ ವಾಯಿದೆಗಿಂತ ಮೊದಲೇ, ಕಣ್ಣು ಹೋಗಿತ್ತು.

ಅಂದಿನಿಂದ ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಕೂರುತ್ತೇವೆ. ಕಂಡದ್ದನ್ನು ಕಂಡ ಹಾಗೆ ಹೇಳುವ ಕೆಲಸ ನನ್ನದು. ಬಂಡೆಬೆಟ್ಟದ ಪಕ್ಕ ಮೊಬೈಲ್ ಟವರ್ ಎದ್ದಿದೆ ಎನ್ನುತ್ತೇನೆ. ಎದುರುಮನೆಯವರು ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದ್ದಾರೆ ಎನ್ನುತ್ತೇನೆ. ಎಂಥಾ ಗುಲಾಬಿ ಎಂದರೆ, ಅಜೀರ್ಣ ಮಾಡುವಂಥದು ಎನ್ನುತ್ತೇನೆ. ಸುಂದರವಾದದ್ದು ಏನಾದರೂ ಕಂಡರೆ ಎರಡು ಸಲ ನೋಡಿ, ಖಾತರಿಯಾದ ಮೇಲೇ ಬಾಯಿ ಬಿಡುತ್ತೇನೆ.

ಈ ವರ್ಷ ಆಷಾಢ ಹುಟ್ಟಿದ ದಿನ ಕೇಳಿದಳು: "ಪಕ್ಕದ ಖಾಲಿ ಸೈಟಿನಾಗೆ ಏನೈತೆ?"

"ಏನೂ ಇಲ್ಲ. ಪಾರ್ಥೇನಿಯಂ ಬೆಳೆದಿದೆ."

"ಅಲ್ಲಿ ಅಪ್ಪನ ತೋಟ ಮಡಗಿ."

ನಾನು ಹೆದರಿದೆ. "ಸುಳ್ಳಾಗುತ್ತಲ್ಲೇ, ಜಯಾ."

"ಆಗ್ಲಿ. ಈ ಸಲ ಬುಡಕ್ಕೆ ಕುಯ್ದು ಮಡಗಿ. ಚಿಗುರೋ ಹೊತ್ತಿಗೆ ನಾನೇ ಕೇಳ್ತೀನಿ."

ಹಾಗೆಯೇ ಮಾಡಿದ್ದೇನೆ. ದಿನಾ ಸಂಜೆ ಟವರ್, ಗುಲಾಬಿ ಗೋಡೆ ಎಲ್ಲ ಮುಗಿದ ಮೇಲೆ, ಗೇಣುದ್ದದ ಮೋಟುಗಳು ಸಾಲಾಗಿ ನಿಂತಿವೆ ಎಂದು ವರದಿ ಒಪ್ಪಿಸುತ್ತೇನೆ. ಅವಳು ತಲೆದೂಗುತ್ತಾಳೆ. ಚಿಗುರಿನ ಮಾತು ಇನ್ನೂ ಕೇಳಿಲ್ಲ. ನಾನೂ ಆತುರಪಟ್ಟು ಹೇಳುವುದಿಲ್ಲ.