ಇಲ್ಲದ ಸ್ಟೂಲಿನ ಮೇಲೆ ಮಲಗಿದ ಸಿಪಾಯಿ

ಮಾಳಮಡ್ಡಿಯಲ್ಲಿ ಹಾಲು ತರಲು ಹೋದಾಗ ಹಳೆಯ ವಿದ್ಯಾರ್ಥಿಗಳು ಗುರುತು ಹಿಡಿಯುತ್ತಾರೆ. "ಕಾಕಾ, ಸ್ಟೂಲ್ ಮ್ಯಾಲೆ ಕುಂತು ತೂಕಡಿಸ್ತಿದ್ರಿ, ನೆನಪೈತೇನ್ರಿ?" ಎಂದು ಪ್ರೀತಿಯಿಂದಲೇ ನಗುತ್ತಾರೆ.

ನಾನು ಶಾಲೆಯ ಸಿಪಾಯಿ, ಎಂದರೆ ಜವಾನ, ಆಗಿದ್ದು ನಿವೃತ್ತನಾದವನು. ನಮ್ಮ ಶಾಲೆಯಲ್ಲಿ ಸ್ಟೂಲೇ ಇರಲಿಲ್ಲ. ನೀರು ಚಿಮುಕಿಸಿ ಕಸ ಹೊಡೆದು, ಕುಡಿಯುವ ನೀರು ತುಂಬಿಸಿ, ಗಂಟೆ ಬಾರಿಸುವವನಿಗೆ ಕೂರಲು ಪುರಸೊತ್ತೆಲ್ಲಿ? ಆ ಸ್ಟೂಲು ಸಿನಿಮಾದ್ದು. ಅಲ್ಲಿಯ ಸಿಪಾಯಿ ಗೊರಕೆ ಹೊಡೆಯುತ್ತಾನೆ, ಮಾಸ್ತರರ ಚಹಾ ಕದ್ದು ಕುಡಿಯುತ್ತಾನೆ. ಅವನನ್ನು ನೋಡಿ ನೋಡಿ ಜನ ನನ್ನನ್ನು ಮರೆತಿದ್ದಾರೆ.

ಅದೇ ಶಾಲೆಯಲ್ಲಿ ಓದುವ ನನ್ನ ಮೊಮ್ಮಗಳಿಗೆ ಈ ವರ್ಷದ ಗ್ಯಾದರಿಂಗ್‌ನಲ್ಲಿ, ಅಂದರೆ ವಾರ್ಷಿಕ ಸಮಾರಂಭದ ನಾಟಕದಲ್ಲಿ, ಸಿಪಾಯಿಯ ಪಾತ್ರ ಬಂತು.

"ಏನೇನು ಮಾಡ್ತಿ?" ಎಂದು ಕೇಳಿದೆ.

"ಸ್ಟೂಲ್ ಮ್ಯಾಲೆ ಗೊರಕಿ ಹೊಡೀತೇನಿ. ಹೆಡ್‌ಮಾಸ್ತರ್ ಒದರತಾರ. ಗಾಬರಿಯಾಗಿ ಮಧ್ಯಾಹ್ನನ ಸಾಲಿ ಬಿಡೋ ಗಂಟಿ ಹೊಡೀತೇನಿ. ಎಲ್ಲಾರೂ ನಗತಾರ."

"ನನಗ ನಗತಾರೇನು?"

"ನಿನಗ್ಯಾಕ, ಅಜ್ಜಾ? ಸಿಪಾಯಿಗೆ."

ಊರವರು ಹೇಗಾದರೂ ನೆನೆಯಲಿ. ಮುಂದೆ ಇವಳೂ ನನ್ನನ್ನು ಆ ಸ್ಟೂಲಿನ ಮೇಲೆಯೇ ಕಂಡರೆ? ಆದರೂ ಶಾಲೆ ಬಿಡುವ ಗಂಟೆ ಹೇಗೆ ಹೊಡೆಯುವುದೆಂದು ಅವಳು ಕೇಳಿದಾಗ ಸರಿಯಾಗಿಯೇ ಕಲಿಸಿದೆ: ಮೊದಲು ಬಿಡಿಬಿಡಿಯಾಗಿ ಎರಡು ಪೆಟ್ಟು, ಆಮೇಲೆ ಕೈ ನಿಲ್ಲಿಸದೆ. ಈಗಿನ ಸಿಪಾಯಿಯೂ ಹಾಗೆಯೇ ಹೊಡೆಯುತ್ತಾನೆ.

ಸಮಾರಂಭದ ದಿನ ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಅವಳು ಗೊರಕೆ ಹೊಡೆದಳು; ಜನ ನಕ್ಕರು. ನಾನು ನೆಲ ನೋಡುತ್ತಿದ್ದೆ. ಆಗ ಅವಳು ಗಂಟೆಯಾಗಿ ತೂಗುಹಾಕಿದ್ದ ರೈಲು ಹಳಿಯ ತುಂಡಿಗೆ ಹೊಡೆಯತೊಡಗಿದಳು. ಜಮಖಾನದ ಮೇಲಿದ್ದ ಮಕ್ಕಳೆಲ್ಲ ಒಮ್ಮೆಲೇ ಎದ್ದರು. ಸಣ್ಣವರು ಗೇಟಿನ ಕಡೆ ಓಡಿಯೇಬಿಟ್ಟರು.

"ಕೂಡ್ರೋ, ನಾಟಕದ ಗಂಟಿ ಅದು," ಎನ್ನುತ್ತ ಬಾಯಿಯವರು, ಅಂದರೆ ಶಿಕ್ಷಕಿಯರು, ಹಿಂದೆ ಓಡಿದರು. ನಾಟಕದ ಹೆಡ್‌ಮಾಸ್ತರನಿಗೆ ಬೈಯುವ ಮಾತೇ ಮರೆತುಹೋಯಿತು. ನನ್ನ ಪಕ್ಕದಲ್ಲಿದ್ದ ಹಳೆಯ ವಿದ್ಯಾರ್ಥಿ, ಈಗ ಲಕಮನಹಳ್ಳಿಯಲ್ಲಿ ಕಾರ್ಖಾನೆ ನಡೆಸುವವನು, ಅವನೂ ಎದ್ದು ನಿಂತಿದ್ದ. ನಾಚಿ ಕೂತ.

"ಕಾಕಾ, ನಿಮ್ಮ ಗಂಟಿರಿ ಇದು. ಕಾಲು ತಾವ ಎದ್ದುವು," ಎಂದ.

ಎಲ್ಲರೂ ನಗುತ್ತಿದ್ದರು, ಸಿಪಾಯಿಗಲ್ಲ, ತಮಗೆ ತಾವೇ. ನಾನೂ ನಕ್ಕೆ.

ಮನೆಗೆ ನಡೆಯುವಾಗ ಮೊಮ್ಮಗಳು ಕೇಳಿದಳು. "ಅಜ್ಜಾ, ನೀ ಹೊಡದಾಗೂ ಹಿಂಗ ಓಡ್ತಿದ್ರೇನು?"

"ಹೂಂ. ಗೇಟಿನ್ಯಾಗ ನಿಂತು ತಡೀಬೇಕಾಗ್ತಿತ್ತು."

"ಹಂಗಾರ ನೀ ಯಾವಾಗ ಕೂಡ್ತಿದ್ದಿ?"

ಇಷ್ಟು ವರ್ಷ ಇದನ್ನು ಯಾರೂ ಕೇಳಿರಲಿಲ್ಲ. ನನ್ನ ದಿನ ಹೇಗೆ ಕಳೆಯುತ್ತಿತ್ತೆಂದು ಮನೆ ಮುಟ್ಟುವವರೆಗೂ ಹೇಳುತ್ತಲೇ ಹೋದೆ, ಮನಸ್ಸು ಹಗುರಾಗಿತ್ತು.