ಒಂದೆಲೆಯ ಹೊತ್ತು

ಪಂಚನಹಳ್ಳಿಯ ಕಲ್ಲೇಶನ ಶೆಡ್ಡಿಗೆ ಕಾರು ತಂದವರಿಗೆ ಮೊದಲು ಬೇಕಾದದ್ದು ತಾಳ್ಮೆ. ಮನುಷ್ಯ ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೇರಿಂಗ್ ರಿಪೇರಿ ಎಂದರೆ ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ಅದರ ತುದಿಗೆ ಬಟ್ಟೆ ಸುತ್ತಿ, ಕೈ ಒರೆಸಿಕೊಂಡು ಬಂದು ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದ. ಶೆಡ್ಡಿನ ಹಿಂದಿನ ಮನೆಯಿಂದ ಹೆಂಡತಿ ಮಲ್ಲಿಕಾಂಬ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ತಂದುಕೊಡುವಳು. ಅದು ಬಾಯಲ್ಲಿ ಪೂರಾ ಕೆಂಪಾಗಿ, ಎದ್ದು ಹೋಗಿ ಉಗಿದು, ಬಾಯಿ ಮುಕ್ಕಳಿಸಿದ ಮೇಲೆಯೇ ಅವನು ಕಾರಿನೊಳಗೆ ತಲೆ ಹಾಕುವುದು. ಗಿರಾಕಿ ಎಷ್ಟು ಹಲ್ಲು ಕಡಿದರೂ ಅಷ್ಟೇ. ಊರಲ್ಲಿ ಅವನಿಗೆ ‘ಎಲೆ ಮೆಕ್ಯಾನಿಕ್’ ಎಂದು ಹೆಸರು ಬಿದ್ದದ್ದು ಹೀಗೆ.

ಈ ಕಾಯುವಿಕೆ ಸೋಮಾರಿತನದ್ದಲ್ಲ. ಈಗಿನ ಕಾರುಗಳ ಸ್ಟೇರಿಂಗ್ ಚಕ್ರದ ನಡುವೆ ಬಲೂನೊಂದನ್ನು ಮಡಿಚಿಟ್ಟಿರುತ್ತಾರೆ. ಡಿಕ್ಕಿಯಾದರೆ ಜೀವ ಉಳಿಸುವ ಅದೇ ಬಲೂನು, ರಿಪೇರಿಗೆ ಮುಖ ಒಡ್ಡಿದವನ ಮೇಲೆ ಸಿಡಿದರೆ ಬಾಂಬು. ಬ್ಯಾಟರಿ ಬಿಚ್ಚಿದ ಮೇಲೂ ಅದನ್ನು ಸಿಡಿಸುವಷ್ಟು ಕರೆಂಟು ಸ್ವಲ್ಪ ಹೊತ್ತು ಒಳಗೇ ಉಳಿದಿರುತ್ತದೆ. ‘ಒಂದೆಲೆ ಹಾಕ್ಕೊಳೋವಷ್ಟು ಹೊತ್ತು ಕಾಯ್ಬೇಕು ಕಣೋ’ ಎಂದು ಹೇಳಿಕೊಟ್ಟವನು ಕಲ್ಲೇಶನ ಗುರು, ತರೀಕೆರೆಯ ಚಂದ್ರಶೇಖರ. ಹೇಳಿಕೊಟ್ಟವನೇ ಒಂದು ದಿನ, ಮದುವೆ ದಿಬ್ಬಣದ ಕಾರು ಎಂಬ ಗಡಿಬಿಡಿಯಲ್ಲಿ, ಕಾಯದೆ ಕೈ ಹಾಕಿದ. ಬಲೂನು ಸಿಡಿಯಿತು, ಎಡಗಣ್ಣು ಹೋಯಿತು. ಆಸ್ಪತ್ರೆಯವರೆಗೂ ಆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವನು ಕಲ್ಲೇಶ.

ಊರವರ ಕಾರಿಗೆ ಇಷ್ಟು ಶಿಸ್ತು ಮಾಡುವ ಮಹಾರಾಯನಿಗೆ ತನ್ನ ಕಾರೆಂದರೆ ಮಾತ್ರ ಯಾವತ್ತೂ ನಾಳೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಒಳಗೆ ಕಟಕಟ ಸದ್ದು ಬರುತ್ತಿತ್ತು. ಮಲ್ಲಿಕಾಂಬ ಹೇಳಿ ಹೇಳಿ ಸುಸ್ತಾಗಿದ್ದಳು.

ಆವತ್ತು ಗಂಡ ಹೆಂಡತಿ ಎಮ್ಮೆದೊಡ್ಡಿ ಕಾವಲಿನ ಆಚೆಗಿರುವ ಅವಳ ಅಕ್ಕ ಈರಕ್ಕನ ಮನೆಗೆ ಹೋಗಿ, ಊಟ ಮುಗಿಸಿ, ಬಿಸಿಲು ಇಳಿಯುವ ಮೊದಲೇ ಹೊರಟಿದ್ದರು. ಸುತ್ತು ಬಳಸುವುದು ಯಾಕೆಂದು ಕಲ್ಲೇಶ ದನ ಮೇಯುವ ಆ ಕಾವಲಿನ ನಡುವಿನ ಗಾಡಿದಾರಿ ಹಿಡಿದ. ಅಡ್ಡ ಬಂದ ದನಗಳನ್ನು ತಪ್ಪಿಸಲು ಸ್ಟೇರಿಂಗ್ ಎಳೆದನಷ್ಟೇ, ಅದು ಅರ್ಧಕ್ಕೆ ಕಚ್ಚಿಕೊಂಡು ನಿಂತಿತು. ಅತ್ತ ಇಲ್ಲ, ಇತ್ತ ಇಲ್ಲ. ಕಾರು ದಾರಿ ಬಿಟ್ಟು ಹುಲ್ಲಿನ ಇಳಿಜಾರಿನಲ್ಲಿ ಮೂಗು ಕೆಳಗೆ ಮಾಡಿ ನಿಂತುಕೊಂಡಿತು.

ರೋಗ ಏನೆಂದು ಅವನಿಗೆ ಕೂಡಲೇ ಗೊತ್ತಾಯಿತು. ಸ್ಟೇರಿಂಗ್ ಹಗುರವಾಗಿ ತಿರುಗಲೆಂದು ಡ್ಯಾಶ್‌ಬೋರ್ಡಿನ ಕೆಳಗೆ, ಸ್ಟೇರಿಂಗ್ ಕಂಬಕ್ಕೆ ಒಂದು ಮೋಟರು ಕೂರಿಸಿರುತ್ತಾರೆ. ಅದರೊಳಗಿನ ಆಯಸ್ಕಾಂತದ ತುಂಡೊಂದು ಕಿತ್ತು ಅಡ್ಡ ಸಿಕ್ಕಿಕೊಂಡಿದೆ. ಮೋಟರು ಬಿಚ್ಚಿ ತೆಗೆದರೆ ಸ್ಟೇರಿಂಗ್ ಬಿಟ್ಟುಕೊಳ್ಳುತ್ತದೆ, ಆಮೇಲೆ ಹಳೇ ಲಾರಿಯ ಹಾಗೆ ರಟ್ಟೆಬಲದಲ್ಲಿ ತಿರುಗಿಸಿಕೊಂಡು ಊರು ಸೇರಬಹುದು. ಸಾಮಾನೆಲ್ಲ ಡಿಕ್ಕಿಯಲ್ಲಿತ್ತು. ಅವಸರವೇನೂ ಇರಲಿಲ್ಲ. ಇಳಿಜಾರಾದ್ದರಿಂದ ಹ್ಯಾಂಡ್‌ಬ್ರೇಕನ್ನು ನಂಬದೆ ಅವನು ಹೆಂಡತಿಗೆ ಹೇಳಿದ:

“ಮಲ್ಲೀ, ಚಕ್ರಕ್ಕೆ ಕೊಡೋಕೆ ಒಂದ್ ಕಲ್ಲು ತಗೊಂಬಾರೇ.”

ಬಾಯಲ್ಲಿ ಅಕ್ಕ ಕೊಟ್ಟ ಎಲೆ ಅಗಿಯುತ್ತ ಮಲ್ಲಿಕಾಂಬ ಹುಲ್ಲಿನೊಳಗೆ ಹೋದಳು. ಕಲ್ಲು ಎತ್ತಿದಳು. ಅದರ ಅಡಿಯಲ್ಲಿ ಕೊಳಕುಮಂಡಲ ಸುತ್ತಿ ಮಲಗಿತ್ತು.

ಅವಳು ಕೂಗಿಕೊಳ್ಳಲಿಲ್ಲ. ಬಲಗೈಯ ತೋರುಬೆರಳು ಹಿಡಿದುಕೊಂಡು ಬಂದು, “ಏನ್ರೀ, ಹಾವು ಕಚ್ತು” ಎಂದಳು, ಅಂಗಡಿಯಲ್ಲಿ ಸಕ್ಕರೆ ಇಲ್ಲವಂತೆ ಎನ್ನುವ ದನಿಯಲ್ಲಿ. ಹುಲ್ಲಿನೊಳಗೆ ಜಾರುತ್ತಿದ್ದ ಹಾವಿನ ಮೈಮೇಲಿನ ಸರಪಳಿ ಮಚ್ಚೆ ಕಂಡದ್ದೇ ಅದು ಯಾವ ಹಾವೆಂದು ಕಲ್ಲೇಶನಿಗೆ ತಿಳಿಯಿತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ. ಕೈ ಊದುವ ಮೊದಲೇ ಬಳೆ ಜಾರಿಸಿ ತೆಗೆದ. ಕೈ ಅಲುಗದಂತೆ ಕೋಲೊಂದರ ಜೊತೆ ಸಡಿಲವಾಗಿ ಟವೆಲ್ ಸುತ್ತಿದ. ಫೋನು ತೆಗೆದರೆ ಸಿಗ್ನಲ್ ಇಲ್ಲ.

ದನಗಳ ಹಿಂದೆ ಬಂದ ಗಿಡ್ಡಪ್ಪ, ಆ ಕಾವಲಿನಲ್ಲಿ ದನ ಕಾಯುವವನು, ವಿಷಯ ತಿಳಿದು ದಿಬ್ಬ ಹತ್ತಿ ಓಡಿ ಫೋನು ಮಾಡಿ ಬಂದ.

“ಆಂಬುಲೆನ್ಸು ಬೇರೆ ಕಡೆ ಹೋಗೈತಂತೆ ಅಣ್ಣ. ಬರೋದ್ ತಡ ಆಗುತ್ತಂತೆ. ಹಟ್ಟೀಲಿ ಬೈಕು ಒಂದೂ ಇಲ್ಲ, ಎಲ್ಲಾ ಸಂತೆಗೆ ಹೋಗವೆ.”

ಹಾಗಾದರೆ ಉಳಿದದ್ದು ಈ ಕಾರು ಒಂದೇ. ಮೋಟರು ಬಿಚ್ಚಿದರೆ ಮಲ್ಲಿಕಾಂಬ ಆಸ್ಪತ್ರೆ ಕಾಣುತ್ತಾಳೆ, ಇಲ್ಲದಿದ್ದರೆ ಇಲ್ಲ.

ಗಿಡ್ಡಪ್ಪ ತಂದ ಕಲ್ಲನ್ನು ಚಕ್ರಕ್ಕೆ ಕೊಟ್ಟು, ಕಲ್ಲೇಶ ಕತ್ತಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಬ್ಯಾಟರಿಗೆ ತಾಗದಂತೆ ಬೆನ್ನಿಗೆ ಸರಿಸಿಕೊಂಡು ಬಾನೆಟ್ ಎತ್ತಿದ. ಮೈನಸ್ ವೈರು ಬಿಚ್ಚಿದ. ಅದರ ತುದಿಗೆ ಬಟ್ಟೆ ಸುತ್ತಿದ. ಮೋಟರು ಕಳಚಿದ ಕ್ಷಣ ಸ್ಟೇರಿಂಗ್ ಗಿರ್ರನೆ ತಿರುಗಿ ಬಲೂನಿನ ವೈರು ಹರಿಯಬಾರದೆಂದು ಚಕ್ರವನ್ನು ಸೀಟ್‌ಬೆಲ್ಟಿನಿಂದ ಬಿಗಿದ. ಬಾಗಿಲ ಹೊರಗೆ ಕಾಲು ಚಾಚಿ, ಪೆಡಲುಗಳ ಹತ್ತಿರ ಅಂಗಾತ ಮಲಗಿ, ಚಕ್ರದ ಕೆಳಗಿನ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಇಟ್ಟ. ಕಾಯುವುದೆಲ್ಲ ಶೆಡ್ಡಿನಲ್ಲಿ ಕೂತವರಿಗೆ. ಇಲ್ಲಿ ಕಾಯುವವನು ಮನುಷ್ಯನೇ ಅಲ್ಲ ಎಂದುಕೊಂಡ.

“ಎಲೆ ಹಾಕ್ಕಂಡ್ರಾ?” ಹಿಂದಿನ ಸೀಟಿನಿಂದ ದನಿ ಬಂತು.

“ಸುಮ್ನಿರೇ.”

“ಹಾಕ್ಕಳಿ. ನಿಮ್ ಕಣ್ಣೂ ಹೋದ್ರೆ ಗಾಡಿ ಯಾರ್ ಓಡಿಸ್ತಾರೆ? ನಂಗ್ ಬರಲ್ಲ.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಎದ್ದು ಹಿಂದಕ್ಕೆ ಬಂದಾಗ ಅವಳು ಎಡಗೈಯಲ್ಲೇ ಸೊಂಟದ ಎಲೆಚೀಲ ಬಿಚ್ಚುತ್ತಿದ್ದಳು. ಎಲೆ ತೊಡೆಯ ಮೇಲಿಟ್ಟುಕೊಂಡು ಎಡಗೈ ಹೆಬ್ಬೆರಳಲ್ಲಿ ಸುಣ್ಣ ಹಚ್ಚಿ ಕೊಟ್ಟಳು. ಅವನು ಬಾಗಿಲ ಅಂಚಿನಲ್ಲಿ ಕೂತು ಬಾಯಿಗೆ ಹಾಕಿಕೊಂಡ. ಜೀವಮಾನದಲ್ಲಿ ಅಷ್ಟು ಕಹಿ ಎಲೆ ಅವನು ತಿಂದಿರಲಿಲ್ಲ. ಬೇಗ ಬೇಗ ಅಗಿದ, ಬೇಗ ಅಗಿದರೆ ಹೊತ್ತು ಬೇಗ ಹೋಗುತ್ತದೆಯೇ? ಅವಳ ಕೈ ಕಣ್ಣೆದುರೇ ಮಣಿಕಟ್ಟಿನವರೆಗೆ ಊದಿಕೊಂಡಿತ್ತು, ಬೆರಳು ಕಪ್ಪಿಡುತ್ತಿತ್ತು.

“ಏನಣ್ಣಾ, ಹೆಂಡ್ತಿ ಸಾಯ್ತಾವ್ಳೆ, ನೀನ್ ಎಲೆ ಮೆಲ್ಕೊಂಡ್ ಕೂತಿದೀಯಲ್ಲ” ಎಂದ ಗಿಡ್ಡಪ್ಪ. ಕಲ್ಲೇಶ ತಲೆ ಎತ್ತದೆ ಅಗಿಯುತ್ತಲೇ ಇದ್ದ.

ಅಷ್ಟರಲ್ಲಿ ಮಲ್ಲಿಕಾಂಬಳ ತುಟಿಯಂಚಿನಿಂದ ಕೆಂಪಗೆ ಇಳಿಯಿತು. ಮಂಡಲ ಕಚ್ಚಿದವರ ಒಸಡಿನಲ್ಲಿ ರಕ್ತ ಬರುತ್ತದೆ ಎಂದು ಅವನು ಕೇಳಿ ಬಲ್ಲ. ಆದರೆ ಅವಳ ಬಾಯಲ್ಲಿ ಅಕ್ಕನ ಮನೆಯ ಎಲೆಯೂ ಇತ್ತು. ಇದು ಎಲೆಯ ಕೆಂಪೋ, ರಕ್ತವೋ? ಬಾಟಲಿ ನೀರು ಹಾಕಿ ಬಾಯಿ ಮುಕ್ಕಳಿಸಿ ಉಗಿಸಿದ. ಮತ್ತೆ ಹಾಗೇ ಮಾಡಿಸಿದ. ನೀರು ಖಾಲಿಯಾಯಿತು, ಕೆಂಪು ನಿಲ್ಲಲಿಲ್ಲ. ಅವನಿಗೆ ಅಳು ಬಂತು. ತನ್ನ ಬಾಯಲ್ಲಿ ಅಷ್ಟರಲ್ಲಿ ಪೂರಾ ಕೆಂಪಾಗಿದ್ದ ಎಲೆಯನ್ನು ಉಗಿದು ಓಡಿಹೋಗಿ ಮತ್ತೆ ಪೆಡಲುಗಳ ನಡುವೆ ಮಲಗಿದ.

ಆಮೇಲೆ ಕೆಲಸವೆಲ್ಲ ಕೈ ಮಾಡಿತು, ತಲೆಯ ಪಾತ್ರವಿರಲಿಲ್ಲ. ಮುಚ್ಚಳ ತೆಗೆದ. ಬಲೂನಿನ ಹಳದಿ ವೈರನ್ನು ಮುಟ್ಟದೆ, ಮೋಟರಿನ ದಪ್ಪ ಸಾಕೆಟ್ಟಿನ ಕೊಂಡಿ ಒತ್ತಿ ಎಳೆದು ಟೇಪು ಸುತ್ತಿದ. ಕೆಳಗಿನ ಬೋಲ್ಟು ಸುಲಭಕ್ಕೆ ಬಂತು. ಮೇಲಿನದು ಕಣ್ಣಿಗೆ ಕಾಣದ ಜಾಗದಲ್ಲಿತ್ತು, ಕೈ ತಡಕಿಯೇ ಬಿಚ್ಚಬೇಕು. ಗೆಣ್ಣಿನ ಚರ್ಮ ಸುಲಿಯಿತು, ಬೋಲ್ಟು ಮಿಸುಕಲಿಲ್ಲ.

“ಮಲ್ಲೀ?”

“ಹ್ಞೂಂ.”

ಅವನು ಮತ್ತೆ ಎಳೆದ. “ಮಲ್ಲೀ?”

“ಇದೀನಿ. ನೀವ್ ಬಿಚ್ರಿ.”

ಬೋಲ್ಟು ಕಿರ್ ಎಂದು ಸಡಿಲವಾಯಿತು. ಸುಲಿದ ತೆಂಗಿನಕಾಯಿಯಷ್ಟಿದ್ದ ಮೋಟರು ಕಂಬದಿಂದ ಕಳಚಿ ಅವನ ಎದೆಯ ಮೇಲೆ ಬಿತ್ತು. ಕಂಬದಲ್ಲಿ ತೆರೆದುಕೊಂಡ ತೂತಿಗೆ ಬಟ್ಟೆ ತುರುಕಿ, ಬ್ಯಾಟರಿ ಜೋಡಿಸಿ, ಬೆಲ್ಟು ಬಿಚ್ಚಿ ಚಕ್ರ ತಿರುಗಿಸಿದರೆ ತಿರುಗಿತು, ಬಂಡೆ ಹೊರಳಿದ ಹಾಗೆ.

ಗಿಡ್ಡಪ್ಪ ದನಗಳನ್ನು ಕಾವಲಿಗೇ ಬಿಟ್ಟು ಹಿಂದೆ ಹತ್ತಿ ಅವಳ ತಲೆ ಹಿಡಿದು ಕೂತ. ಪ್ರತಿ ತಿರುವಿಗೂ ಕಲ್ಲೇಶ ಸೀಟು ಬಿಟ್ಟು ಎದ್ದು ಮೈಭಾರವೆಲ್ಲ ಹಾಕಿ ಸ್ಟೇರಿಂಗ್ ಎಳೆಯಬೇಕಿತ್ತು. ಪ್ರತಿ ತಿರುವಿಗೂ ಮಲ್ಲೀ ಎನ್ನುತ್ತಿದ್ದ, ಅವಳು ಹ್ಞೂಂ ಎನ್ನುತ್ತಿದ್ದಳು. ಟಾರು ರಸ್ತೆ ಸಿಕ್ಕಿದ ಮೇಲೆ ಕರೆದರೆ ಓಗೊಡಲಿಲ್ಲ. ಕಡೂರಿನವರೆಗೂ ಅವನು ಕರೆಯುತ್ತಲೇ ಹೋದ.

ಕಡೂರಿನಲ್ಲಿ ಇಂಜೆಕ್ಷನ್ ಹಾಕಿ ಶಿವಮೊಗ್ಗಕ್ಕೆ ಕಳಿಸಿದರು. ಬಾಯಲ್ಲಿ ರಕ್ತ ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗ ಅವನು, ಬಾಯಲ್ಲಿ ಎಲೆನೂ ಇತ್ತು ಸಾರ್ ಎಂದ. ಮಲ್ಲಿಕಾಂಬ ಬದುಕಿದಳು. ಬೆರಳು ಉಳಿಯಲಿಲ್ಲ. ಕೊಳೆಯತೊಡಗಿದ ತೋರುಬೆರಳನ್ನು ಬುಡಕ್ಕೆ ಕತ್ತರಿಸಿದರು.

“ಸಾರ್, ಒಂದ್ ಸ್ವಲ್ಪ ಹೊತ್ತು ಮುಂಚೆ ಬಂದಿದ್ರೆ ಬೆರಳು ಉಳೀತಿತ್ತಾ?” ಎಂದು ಕಲ್ಲೇಶ ಡಾಕ್ಟರನ್ನು ಕೇಳಿದ.

“ಹೇಳಕ್ಕಾಗಲ್ಲ” ಎಂದರು ಅವರು. ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ಅವನು ಹೇಗೋ ಬದುಕಿಕೊಳ್ಳುತ್ತಿದ್ದ.

ಊರು ಸುಮ್ಮನಿರಲಿಲ್ಲ. ಗಿಡ್ಡಪ್ಪ ಕೆಟ್ಟ ಮನಸ್ಸಿನವನಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದ, ಅಷ್ಟೇ. ಅದು ಕಾವಲಿನಿಂದ ಪಂಚನಹಳ್ಳಿ ಮುಟ್ಟುವಷ್ಟರಲ್ಲಿ, ಹೆಂಡತಿ ಹಾವು ಕಚ್ಚಿ ಒದ್ದಾಡುತ್ತಿದ್ದರೆ ಕಲ್ಲೇಶ ಮರದ ಕೆಳಗೆ ಕಾಲು ಚಾಚಿ ಎಲೆ ಮೆಲ್ಲುತ್ತಿದ್ದ ಎಂದಾಗಿತ್ತು. ಅವನು ಯಾರಿಗೂ ತಿದ್ದಿ ಹೇಳಲಿಲ್ಲ. ಚಕ್ರಕ್ಕೆ ಕೊಡಲು ಕಲ್ಲು ತಾ ಎಂದು ಮತ್ತೆ ಯಾರಿಗೂ ಹೇಳಲಿಲ್ಲ, ಹುಣಸೆ ಮರದ ತುಂಡು ಕೆತ್ತಿಸಿ ಶೆಡ್ಡಿನಲ್ಲಿ ಇಟ್ಟುಕೊಂಡ. ಎಲೆ ಹಾಕುವುದನ್ನು ಬಿಟ್ಟ. ಸ್ಟೇರಿಂಗ್ ಕೆಲಸ ಬಂದರೆ, ಆಗಲ್ಲ ಎಂದು ವಾಪಸು ಕಳಿಸಿದ.

ಹೋದ ತಿಂಗಳು ಅಜ್ಜಂಪುರದಿಂದ ಒಂದು ಕಾರನ್ನು ಕಟ್ಟಿ ಎಳೆದುಕೊಂಡು ಬಂದರು. ಅದೇ ಮೋಟರು, ಅದೇ ರೋಗ. ವಾಪಸು ಎಳೆದುಕೊಂಡು ಹೋಗಿ ಎನ್ನಲು ಬಾಯಿ ಬರದೆ ಒಪ್ಪಿಕೊಂಡ. ಬ್ಯಾಟರಿಯ ವೈರು ಬಿಚ್ಚಿ ಕಲ್ಲುಬೆಂಚಿನ ಮೇಲೆ ಕೂತ. ಬಾಯಿ ಖಾಲಿ. ಖಾಲಿ ಬಾಯಲ್ಲಿ ಹೊತ್ತು ಎಷ್ಟಾಯಿತೆಂದು ತಿಳಿಯದು. ಊದಿದ ಆ ಕೈ ಕಣ್ಣ ಮುಂದೆ ಬಂತು. ಕೂತಿರಲಾರದೆ ಎದ್ದು ಸ್ಕ್ರೂಡ್ರೈವರ್ ಹಿಡಿದು ಕಾರಿನತ್ತ ನಡೆದ.

“ಕೂತ್ಕಳ್ರಿ.”

ಮಲ್ಲಿಕಾಂಬ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಡಿಚಿದ ಎಲೆ.

ಅವನು ಕೂತ. ಎಲೆ ತೆಗೆದುಕೊಳ್ಳದೆ ನೆಲ ನೋಡುತ್ತ ಕೇಳಿದ: “ಆವತ್ ನಾನ್ ಕಾಯ್ದೆ ಇದ್ದಿದ್ರೆ ನಿನ್ ಬೆರಳು…”

“ಎಲೆ ಹಾಕ್ಕಳಿ ಅಂದೋಳು ನಾನು. ಬೆರಳೂ ನಂದೇ.”

“ಕಲ್ಲು ತಾ ಅಂದೋನು ನಾನಲ್ವೇನೇ.”

ಅವಳು ಎಲೆಯನ್ನು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು.

ಅವನು ಬಾಯಿಗೆ ಹಾಕಿಕೊಂಡ. ತೋರುಬೆರಳಿಲ್ಲದ ಕೈಗೆ ಇನ್ನೂ ಅಂದಾಜು ಸಿಕ್ಕಿರಲಿಲ್ಲ, ಸುಣ್ಣ ಹೆಚ್ಚಾಗಿತ್ತು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಪೂರಾ ಕೆಂಪಾಗುವವರೆಗೂ ಅವನು ಅದನ್ನು ಉಗಿಯಲಿಲ್ಲ.